ಲಾರಿ ಸಿಗದ ದಾರಿ

ಹೆಂಡತಿಯ ಸೈಕಲ್ಲಿಗೆ ಒಂಬತ್ತು ಸಾವಿರ ಕೊಟ್ಟೆ. ಆರ್.ಟಿ. ನಗರದಲ್ಲಿ ಮನೆ ಖಾಲಿ ಮಾಡುತ್ತಿದ್ದವರೊಬ್ಬರು ಹದಿನಾಲ್ಕು ಹೇಳಿದ್ದರು. ಸಾಮಾನು ಕಟ್ಟುವವರ ಹತ್ತಿರ ವ್ಯಾಪಾರಕ್ಕೆ ಸಂಜೆ ಹೋಗಬೇಕು, ಅಷ್ಟರಲ್ಲಿ ಅವರಿಗೆ ಸಾಕಾಗಿರುತ್ತದೆ. ಅಂಗಡಿಯಲ್ಲಿ ಇದಕ್ಕಿಂತ ಅಗ್ಗದ ಹೊಸ ಸೈಕಲ್ಲೇ ಸಿಗುತ್ತಿತ್ತು. ಆದರೆ ನನಗೆ ಬೇಕಾಗಿದ್ದದ್ದು ಮಣ್ಣಿನಲ್ಲೂ ಜಲ್ಲಿಯಲ್ಲೂ ಜಾರದ ಅಗಲವಾದ ಟೈರು.

ಅವಳು ಸೈಕಲ್ ಕಲಿತದ್ದೇ ನಲವತ್ತು ದಾಟಿದ ಮೇಲೆ. ನನ್ನ ಹಳೆಯ ಸೈಕಲ್ಲಿನಲ್ಲಿ ಯಲಹಂಕದ ಮನೆಯಿಂದ ಹೆದ್ದಾರಿಗೆ ಬಂದ ಮೊದಲ ದಿನವೇ ಒಂದು ಲಾರಿ ಮೈಗೆ ತಾಗುವಷ್ಟು ಹತ್ತಿರ ಹಾದು, ಅದರ ಗಾಳಿಗೆ ಹ್ಯಾಂಡಲ್ ತಿರುಗಿ ಬಿದ್ದಳು. ಮನೆಗೆ ಬಂದು ಮಂಡಿ ತೊಳೆಯುತ್ತ ಹೇಳಿದಳು: “ಲಾರಿ ಇಲ್ದಿರೋ ದಾರಿ ಹುಡುಕಿ, ಬರ್ತೀನಿ. ಇನ್ನೊಂದ್ ಲಾರಿ ಸಿಕ್ತೋ, ಅವತ್ತಿಗೆ ನನ್ ಸೈಕಲ್ ಮುಗೀತು.”

ಅವತ್ತಿನಿಂದ ಫೋನಿನಲ್ಲಿ ಆಕಾಶದಿಂದ ತೆಗೆದ ನಕ್ಷೆ ನೋಡುವುದೇ ಕೆಲಸವಾಯಿತು. ಬಳುಕುವ ಕಂದು ಗೆರೆ ಬಂಡಿದಾರಿ. ನೆಟ್ಟಗಿರುವ ಗೆರೆ ಸೈಟು ಮಾಡಿದ ಲೇಔಟು, ಕೊನೆಗೊಂದು ಗೇಟು ಇದ್ದೇ ಇರುತ್ತದೆ. ಕೆರೆಯಂಗಳದ ದಾರಿಯನ್ನಂತೂ ನಂಬಬೇಡಿ, ಮಳೆ ಬಂದರೆ ಅದು ಮೀನಿನದು. ಹೀಗೆ ಗೆರೆಗೆ ಗೆರೆ ಸೇರಿಸಿ, ಮನೆಯ ಹಿಂದಿನಿಂದಲೇ ರಾಜಾನುಕುಂಟೆಯ ಮೇಲೆ ಹೆಸರಘಟ್ಟದ ಕಡೆಗೆ ಪೂರ್ತಿ ಮಣ್ಣಿನ ದಾರಿ ಹೊಂದಿಸಿದೆ. ನಡುವೆ ಒಂದೇ ಒಂದು ಹೊಲದಗಲದಷ್ಟು ಕಡಿದಿತ್ತು. ಅದನ್ನು ತಪ್ಪಿಸಬೇಕೆಂದರೆ ಜಲ್ಲಿ ಲಾರಿಗಳ ರಸ್ತೆಗೇ ಹೋಗಬೇಕು.

ನೋಡಿ ಬರೋಣವೆಂದು ಒಬ್ಬನೇ ಹೋದೆ. ಕಲ್ಲುಚಪ್ಪಡಿಯ ಬೇಲಿಯಲ್ಲಿ ಒಂದು ಸಂದು, ಆಚೆ ಅವರೆ ಹೊಲ. ಅರವತ್ತರ ಆಸುಪಾಸಿನ ಹೊಲದೊಡತಿ ಕಾಯಿ ಬಿಡಿಸುತ್ತಿದ್ದರು. ಮಾತು ತೆಗೆಯಲು ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ.

“ಅಮ್ಮಾ, ಅವರೆಕಾಯಿ ಹೆಂಗೆ? ಐದು ಕೆಜಿ ತಗೋತೀನಿ. ಹಂಗೇ ಈ ಸಂದಿನಲ್ಲಿ ಆಚೆ ಹೋಗೋಕೆ ಬಿಟ್ರೆ...”

“ಅವರೆಕಾಯಿ ಬ್ಯಾರೆ, ದಾರಿ ಬ್ಯಾರೆ ಕಣಪ್ಪ. ಕಾಯಿ ಮಾರ್ತೀನಿ.”

“ಸೈಕಲ್ ಅಲ್ವಾಮ್ಮ, ಏನ್ ಸವೆಯುತ್ತೆ?”

ಅವರು ಪಕ್ಕದ ಹೊಲ ತೋರಿಸಿದರು. ಅಲ್ಲಿ ಸೈಟಿನ ಕಲ್ಲು ನೆಟ್ಟಿದ್ದರು. “ಅಲ್ಲೂ ಇಂಗೇ ಸುರುವಾಗಿದ್ದು. ಮೊದ್ಲು ಕಾಲ್ನಡೆ, ಆಮ್ಯಾಕೆ ಟ್ರ್ಯಾಕ್ಟ್ರು. ಕಡೀಗೆ ಒಬ್ಬ ಫೋನ್ ಇಡ್ಕಂಡು ಬಂದು, ‘ನೋಡಿ, ಫೋಟೋದಾಗೇ ದಾರಿ ಐತೆ’ ಅಂದ. ನೀನೂ ಫೋನೇ ಇಡ್ಕಂಡಿದೀಯ.”

ನನ್ನ ಕೈಯಲ್ಲಿ ಫೋನು ನಾನು ಬಂದ ದಾರಿಯನ್ನು ಗೆರೆ ಎಳೆದು ದಾಖಲಿಸುತ್ತಲೇ ಇತ್ತು. ಮನೆಗೆ ಹೋಗಿ ಸೈಕಲ್ ಗೆಳೆಯರಿಗೆಲ್ಲ ಕಳಿಸುವ ಲೆಕ್ಕಾಚಾರ ನನ್ನದು. ಅವರಿಗೆ ಹೊಲವಾಗಿದ್ದದ್ದು ನನ್ನ ನಕ್ಷೆಯಲ್ಲಿ ಬರೀ ಒಂದು ಸಂದಾಗಿತ್ತು. ದಾಖಲೆ ನಿಲ್ಲಿಸಿ, ಹೆಂಡತಿ ಬಿದ್ದ ಸಂಗತಿ ಹೇಳಿದೆ.

“ಗಾಯ ವಾಸಿ ಆಯ್ತಾ?”

“ಆಯ್ತು. ಭಯ ಹೋಗಿಲ್ಲ.”

ಕಾಯಿ ಬಿಡಿಸುತ್ತಲೇ ಹೇಳಿದರು: “ಅವಳ್ನ ಕರ್ಕಂಡ್ ಬಾ. ಇಬ್ರೇ. ಇಳ್ದು ತಳ್ಕಂಡು ಹೋಗ್ಬೇಕು. ಒಂದ್ಸಲ ನಡೆದ ಬದುವಿನಾಗೆ ಇನ್ನೊಂದ್ಸಲ ನಡೀಬ್ಯಾಡ. ಗೆರೆ ಬೀಳ್ಬಾರ್ದು.”

ಜೀವನವಿಡೀ ಚೌಕಾಸಿ ಮಾಡಿದವನು ನಾನು. ಅವತ್ತು ಅವರ ಷರತ್ತಿನಲ್ಲಿ ಒಂದು ಮಾತನ್ನೂ ಇಳಿಸಲಿಲ್ಲ. ಅವರೆಕಾಯಿಯನ್ನೂ ಹೇಳಿದ ಬೆಲೆಗೇ ತಂದೆ.

ಮುಂದಿನ ಭಾನುವಾರ ಹೆಂಡತಿ ಬಂದಳು. ಬೇಲಿಯ ಹತ್ತಿರ ಇಳಿದು, ಬದುವಿನ ಮೇಲೆ ಸೈಕಲ್ ತಳ್ಳುತ್ತ, ಆ ಹೊಲದೊಡತಿಯ ಜೊತೆ ಮಾತಿಗೆ ನಿಂತುಬಿಟ್ಟಳು. ನಾನು ಆಚೆ ಕಡೆ ಬಹಳ ಹೊತ್ತು ಕಾದೆ. ಹೆಸರಘಟ್ಟದ ಹುಲ್ಲುಗಾವಲು ಬರುವ ತನಕ ಒಂದು ಲಾರಿಯೂ ಸಿಗಲಿಲ್ಲ. ವಾಪಸ್ಸು ಬರುವಾಗ ಅವಳೇ ಮುಂದಿದ್ದಳು.

ಗೆಳೆಯನೊಬ್ಬ ಈಗಲೂ ಕಾಡುತ್ತಾನೆ: “ಏನ್ ಗುರು, ಒಂದ್ ರೂಟ್ ಕಳ್ಸೋಕೆ ಇಷ್ಟು ಜಿಪುಣತನಾನಾ?” ಹೌದು ಎನ್ನುತ್ತೇನೆ.

ನೀವೂ ಇಂಥ ದಾರಿ ಹುಡುಕುವವರಾದರೆ, ಬೇಲಿ ಕಂಡ ಕೂಡಲೇ ಫೋನಿನ ದಾಖಲೆ ನಿಲ್ಲಿಸಿ, ಇಳಿದು, ಹೊಲದವರನ್ನು ಕೇಳಿ. ಯಾರೂ ಇಲ್ಲದಿದ್ದರೆ ಬಂದ ದಾರಿಯಲ್ಲೇ ಹಿಂದಿರುಗಿ. ಹೊರಡುವಾಗಲೇ ಆ ಹಿಂದಿರುಗುವ ದೂರವನ್ನೂ ಸೇರಿಸಿ ನೀರು ತುಂಬಿಸಿಕೊಳ್ಳಿ, ಒಂದು ಬಾಟಲಿ ಸಾಲುವುದಿಲ್ಲ.