ವಾರಿಜಾ ಮೇಡಂ ನುಂಗಿದ ಅಂಕ

ಪದ್ಮನಾಭನಗರದ ವಾರಿಜಾ ಮೇಡಂ ಅವರ ಅಡುಗೆಮನೆಯಲ್ಲಿ ಚೀಟಿ ಅಂಟಿಸದ ಡಬ್ಬಿಯೇ ಇಲ್ಲ. ಸಾಸಿವೆ ಎಂದು ಬರೆದದ್ದರಲ್ಲಿ ಜೀರಿಗೆ ಸುರಿದರೆ ಅವರ ಯಜಮಾನರಾದ ತಿರುಮಲೇಶರಿಗೆ ಅಂದು ಕಾಫಿ ತಡ. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾದ ಮೇಡಂ, ಈಗ ಮಹಡಿಯ ಕೋಣೆಯಲ್ಲಿ ಜಾವಾ ಎಂಬ ಕಂಪ್ಯೂಟರ್ ಭಾಷೆ ಹೇಳಿಕೊಡುತ್ತಾರೆ. ಆ ಭಾಷೆ ಇವರಿಗಾಗಿಯೇ ಹುಟ್ಟಿದ್ದೇನೋ! ವೇರಿಯಬಲ್ ಎಂಬ ಅದರ ಡಬ್ಬಿಯಲ್ಲಿ ಏನು ಇಡುತ್ತೀರಿ, ಪೂರ್ಣಾಂಕವೋ, ದಶಮಾಂಶವೋ, ಅಕ್ಷರವೋ, ಮೊದಲೇ ಘೋಷಿಸಬೇಕು. ಆಮೇಲೆ ಮಾತು ಬದಲಿಸುವಂತಿಲ್ಲ. ತಪ್ಪಿದವರು ‘ಯೋಚಿಸಿ ಘೋಷಿಸುತ್ತೇನೆ’ ಎಂದು ಬೋರ್ಡಿನ ಮೇಲೆ ಹತ್ತು ಸಲ ಬರೆಯಬೇಕು. ಐವತ್ತು ದಾಟಿದ ನಾನೂ ಬರೆದಿದ್ದೇನೆ.

ನಮ್ಮ ಬ್ಯಾಚಿನಲ್ಲಿ ಕೋಣನಕುಂಟೆಯ ಲತಾಮಣಿ ಇದ್ದರು. ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಹನ್ನೆರಡು ವರ್ಷದಿಂದ ಕಸ ಗುಡಿಸಿ ಧೂಳು ಒರೆಸುವ ಕೆಲಸ. ಈ ಕೋರ್ಸ್ ಪಾಸಾದರೆ ಅದೇ ಲ್ಯಾಬಿನಲ್ಲಿ ಅಸಿಸ್ಟೆಂಟ್ ಮಾಡುತ್ತೇವೆಂದು ಪ್ರಿನ್ಸಿಪಾಲರು ಮಾತು ಕೊಟ್ಟಿದ್ದರು. ಮೂರು ಟೆಸ್ಟುಗಳ ಸರಾಸರಿ ಮೂವತ್ತೈದು ಬಂದರೆ ಪಾಸು. ಅರ್ಧ ದಾಟಿದರೆ ಮುಂದಿನ ಅಂಕ ಕೊಡುವುದು ಮೇಡಂ ಶಾಲೆಯಿಂದಲೇ ತಂದ ಪದ್ಧತಿ.

ಫಲಿತಾಂಶದ ಭಾನುವಾರ ಮೇಡಂ ತಾವೇ ಬರೆದ ಪ್ರೋಗ್ರಾಮ್ ಓಡಿಸಿದರು. ಲತಾಮಣಿಗೆ ಮೂವತ್ನಾಲ್ಕು. ಫೇಲು. ಎಪ್ಪತ್ತೆರಡು ತೆಗೆದ ನನಗೆ ಈ ಪಾಸಿನಿಂದ ಆಗಬೇಕಾದದ್ದು ಏನೂ ಇರಲಿಲ್ಲ.

ಲತಾಮಣಿ ಅಳಲಿಲ್ಲ. ನೋಟ್‌ಬುಕ್ಕಿನ ಹಿಂಬದಿಯಲ್ಲಿ ಮೂವತ್ತು, ಮೂವತ್ತಾರು, ಮೂವತ್ತೆಂಟನ್ನು ಕೂಡಿ ಮೂರರಿಂದ ಭಾಗಿಸಿದರು.

“ಮೇಡಂ, ನಂಗೆ ಮೂವತ್ನಾಲ್ಕು ಪಾಯಿಂಟ್ ಆರು ಚಿಲ್ರೆ ಬರ್ತಿದೆ. ನೀವು ಸರಾಸರಿನ ಏನಂತ ಡಿಕ್ಲೇರ್ ಮಾಡಿದ್ದೀರಾ?”

ಮೇಡಂ ಕನ್ನಡಕ ಏರಿಸಿ ನೋಡಿದರು. ಮೊತ್ತವೂ ‘ಇಂಟ್’, ಸರಾಸರಿಯೂ ‘ಇಂಟ್’. ಬರೀ ಪೂರ್ಣಾಂಕ; ಬಿಂದುವಿನ ಮುಂದಿನ ಚಿಲ್ಲರೆಯನ್ನು ಅದು ಮೊದಲೇ ಬಿಸಾಕಿತ್ತು. ಅರ್ಧ ದಾಟಿದರೆ ಏರಿಸು ಎಂಬ ಸಾಲು ಕೆಳಗೆ ಇದ್ದೇ ಇತ್ತು. ಪಾಪ, ಅದರ ಕೈಗೆ ಅರ್ಧ ತಲುಪಿದ್ದರೆ ತಾನೇ! ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಕಾಫಿ ತಂದು ಬಾಗಿಲಲ್ಲಿ ನಿಂತಿದ್ದ ತಿರುಮಲೇಶರು ನುಂಗಿಕೊಳ್ಳಲಿಲ್ಲ.

“ಈ ಸಲ ಸಾಸಿವೆ ಡಬ್ಬಿಗೆ ಜೀರಿಗೆ ಹಾಕಿದ್ದು ನಾನಲ್ಲ” ಎಂದರು.

ಮೇಡಂ ನಗಲಿಲ್ಲ. ಎರಡು ಕಡೆ ದಶಮಾಂಶ ಹಿಡಿಯುವ ‘ಡಬಲ್’ ಎಂದು ತಿದ್ದಿ, ಮತ್ತೆ ಓಡಿಸಿದರು. ಮೂವತ್ತೈದು. ಆಮೇಲೆ ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತು ‘ಯೋಚಿಸಿ ಘೋಷಿಸುತ್ತೇನೆ’ ಎಂದು ಬರೆಯತೊಡಗಿದರು. ಐದನೆಯ ಸಾಲಿಗೆ ಕೈ ತಡೆಯಿತು. ಹಿಂದಿನ ಬ್ಯಾಚುಗಳಲ್ಲಿ ಎಷ್ಟು ಜನರಿಗೆ ಹೀಗಾಯಿತೋ, ಇವತ್ತೇ ಎಲ್ಲ ತೆಗೆದು ನೋಡುತ್ತೇನೆ ಎಂದು ಗೋಡೆಗೆ ಹೇಳುವಂತೆ ಹೇಳಿ, ಉಳಿದ ಐದನ್ನೂ ಬರೆದರು.

ಬರೆದು ಮುಗಿದದ್ದೇ ಲತಾಮಣಿ ಅಭ್ಯಾಸಬಲದಿಂದ ಎದ್ದು ಡಸ್ಟರ್ ಎತ್ತಿಕೊಂಡರು. ಮೇಡಂ ಅದನ್ನು ಅವರ ಕೈಯಿಂದ ತೆಗೆದುಕೊಂಡರು.

“ಅದು ಇನ್ಮೇಲೆ ನಿಮ್ ಕೆಲ್ಸ ಅಲ್ಲ. ಕೂತ್ಕೊಳ್ಳಿ.”

ಬೋರ್ಡನ್ನು ತಾವೇ ಒರೆಸಿದರು.