ಏಳು ವರ್ಷ ಬರೆಸದ ಹೆಸರು

ನಮ್ಮ ಮನೆಯವರು ಮರ ಕೊಯ್ಯುವ ಕೆಲಸದವರು. ಹೆಸರು ಕೆರಿಯ. ೧೯೫೬ರಲ್ಲಿ ಯಲ್ಲಾಪುರದಲ್ಲಿ ನಾವಿಬ್ಬರೂ ದೀಕ್ಷಾಸ್ನಾನ ಹೊಂದಿ ಕ್ರೈಸ್ತರಾದೆವು. ಅವರು ಹಳೆಯ ಹೆಸರನ್ನೇ ಉಳಿಸಿಕೊಂಡರು. ಆ ಭಾನುವಾರ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದಲ್ಲಿ ಸೇರಿದರು. ಆಮೇಲೆ ಏಳು ವರ್ಷ ಸೇರಲಿಲ್ಲ.

ಕಾರಣ ಅವರ ಬಾಯಿ. ದಿಮ್ಮಿಯನ್ನು ನೆಲದಲ್ಲಿ ತೋಡಿದ ಕುಣಿಯ ಮೇಲೆ ಇಟ್ಟು ಕೊಯ್ಯುವಾಗ ಒಬ್ಬ ಮೇಲೆ ನಿಂತು ಗೆರೆ ನೋಡಿ ಗರಗಸ ನಡೆಸಬೇಕು. ಇನ್ನೊಬ್ಬ ಕುಣಿಯೊಳಗಿಂದ ಎಳೆಯಬೇಕು. ಇವರು ಯಾವಾಗಲೂ ಮೇಲೆ. ಕೆಳಗೆ ಚೌಡ. ಮಂಚಿಕೇರಿ ಕಡೆಯವನು, ನಮ್ಮ ಕೇರಿಯ ಆಚೆ ಗುಡಿಸಲು ಕಟ್ಟಿಕೊಂಡಿದ್ದ. ಮರದ ಹುಡಿ ಎಲ್ಲ ಅವನ ಕಣ್ಣಿಗೆ, ಇವರ ಬೈಗುಳ ಎಲ್ಲ ಅವನ ಕಿವಿಗೆ.

ನಮ್ಮ ಸಭೆಯಲ್ಲಿ ಮೂರು ತಿಂಗಳಿಗೊಮ್ಮೆ ಭೋಜನ. ಹಿಂದಿನ ಶನಿವಾರ ಸಭೆಯ ಹಿರಿಯರಾದ ಬಸಪ್ಪನವರ ಮನೆಗೆ ಹೋಗಿ ಹೆಸರು ಬರೆಸಬೇಕು. ಯಾರ ಜೊತೆಗಾದರೂ ಜಗಳವಿದೆಯೇ ಎಂದು ಅವರು ಕೇಳುತ್ತಾರೆ; ಇದ್ದರೆ ಭೋಜನವಿಲ್ಲ. ಇವರಿಗೆ ಅಲ್ಲಿ ಸುಳ್ಳು ಹೇಳಲು ಬಾಯಿ ಬರುತ್ತಿರಲಿಲ್ಲ.

“ಬರ್ರಿ ಕೆರಿಯಣ್ಣ. ಈ ಸಲ ಹೆಸರು ಬರೀಲೇನು?” ಬಸಪ್ಪನವರು ಹಾನಗಲ್ ಕಡೆಯವರು.

“ಬ್ಯಾಡ. ನಿನ್ನೆನೂ ಚೌಡನಿಗೆ ಬೈದೆ.”

“ಮತ್ಯಾಕ ಬಂದ್ರಿ?”

“ಬರೂದು ಬಿಟ್ರೆ ಬೈದದ್ದೇ ಮರ್ತು ಹೋಗ್ತದೆ.”

ಭಾನುವಾರ ಕೊನೆಯ ಚಾಪೆಯ ಮೇಲೆ ತಲೆ ತಗ್ಗಿಸಿ ಕೂರುತ್ತಿದ್ದರು. ಅವರನ್ನು ದಾಟಿ ಮುಂದೆ ಹೋಗಲು ನನಗೆ ಕಾಲು ಏಳುತ್ತಿರಲಿಲ್ಲ. “ನೀ ಹೋಗು. ಇಬ್ರೂ ಎಂತಕೆ ಉಪಾಸ?” ಎನ್ನುತ್ತಿದ್ದರು.

ಮೊದಮೊದಲು ಬೈದದ್ದು ಅವರಿಗೆ ಆ ಶನಿವಾರವೇ ನೆನಪಾಗುತ್ತಿತ್ತು. ಮೂರನೆಯ ವರ್ಷದಿಂದ ಅದೇ ಸಂಜೆ ನೆನಪಾಗಿ ಗಂಜಿ ಸೇರುತ್ತಿರಲಿಲ್ಲ. ಐದನೆಯ ವರ್ಷ ಅರ್ಧ ಬೈದು ನಿಲ್ಲಿಸುತ್ತಿದ್ದರು. ಉಳಿದರ್ಧವನ್ನು ಚೌಡನೇ ಕೆಳಗಿನಿಂದ ಹೇಳಿಕೊಡುತ್ತಿದ್ದನಂತೆ. ಈ ಬದಲಾವಣೆ ನನಗೆ ಕಂಡಿತ್ತು, ಅವರಿಗೆ ಕಂಡಿರಲಿಲ್ಲ.

೧೯೬೩ರ ಒಂದು ಶನಿವಾರ ಹೀಗಾಯಿತು. ಮರುದಿನ ಭೋಜನವಿತ್ತು. ಬಾಗಿಲ ಹಲಗೆಗೆಂದು ಸಾಗುವಾನಿ ದಿಮ್ಮಿ ಕೊಯ್ಯುತ್ತಿದ್ದರು. ಹಿಂದಿನ ದಿನ ಮಸಿಯಲ್ಲಿ ಅದ್ದಿದ ನೂಲು ಹೊಡೆದು ಗೆರೆ ಹಾಕಿದ್ದರು. ಹಲಗೆ ಇನ್ನೂ ದಪ್ಪವಿರಲಿ ಎಂದು ಗುತ್ತಿಗೆದಾರ ಹೇಳಿದ್ದಕ್ಕೆ ಹೊಸ ಗೆರೆ ಹೊಡೆದರು. ಹಳೆಯದನ್ನು ಒರೆಸಲು ಮರೆತರು. ಗರಗಸ ಹಳೆಯ ಗೆರೆ ಹಿಡಿದು ಹೋಗಿ ಅರ್ಧ ದಿಮ್ಮಿ ಹಾಳಾಯಿತು. ಗುತ್ತಿಗೆದಾರ ಬಂದು ಕೂಗಾಡಿದಾಗ ಇವರು, “ಕೆಳಗಿನವ ಓರೆ ಎಳೆದ” ಅಂದುಬಿಟ್ಟರು. ಸೋಮವಾರದಿಂದ ಬರಬೇಡ ಎಂದು ಗುತ್ತಿಗೆದಾರ ಚೌಡನಿಗೆ ಹೇಳಿದ. ಚೌಡ ಕುಣಿ ಹತ್ತಿ ಹೋದ.

ಸಂಜೆ ಬಸಪ್ಪನವರ ಮನೆಯ ಮೆಟ್ಟಿಲ ಹತ್ತಿರ ಇವರು ನಿಂತು ನನಗೆ ಇಷ್ಟನ್ನೂ ಹೇಳಿದರು.

“ಇಷ್ಟು ದಿನ ಸಿಟ್ಟಿಗೆ ಬೈದೆ. ಇವತ್ತು ಅವನ ಅನ್ನವೇ ಕಿತ್ತೆ. ಒಳಗೆ ಹೋಗಿ ಎಂತ ಹೇಳ್ಲಿ?”

“ಇಲ್ಲಿ ಹೇಳೂದಲ್ಲ ಅದು,” ಎಂದೆ.

ಮೊದಲು ಗುತ್ತಿಗೆದಾರನ ಮನೆಗೆ ಹೋಗಿ ತಪ್ಪು ತಮ್ಮದೆಂದು ಒಪ್ಪಿಕೊಂಡರು. “ಹಂಗಾರೆ ಸೋಮವಾರ ಚೌಡ ಮೇಲೆ ನಿಲ್ಲಲಿ, ನೀ ಕುಣಿಗಿಳಿ,” ಎಂದ ಅವನು. ಇವರು ಹೂಂ ಎಂದರು. ಅಲ್ಲಿಂದ ಗುಡಿಸಲಿಗೆ ಹೋದೆವು. ಚೌಡ ಕಣ್ಣು ತೊಳೆಯುತ್ತಿದ್ದ.

“ಚೌಡ, ತಪ್ಪು ನಂದು. ಹಳೇ ಗೆರೆ ಒರೆಸ್ಲಿಲ್ಲ ನಾ.”

“ನಂಗೆ ಕುಣಿಯಿಂದ್ಲೇ ಗೊತ್ತಾಗಿತ್ತು.”

“ಗೊತ್ತಿದ್ರೆ ಹೇಳೂಕೆ ಎಂತ ಆಗಿತ್ತಾ?”

“ಹೇಳಿದ್ರೆ ಬೈತಿದ್ಯಲಾ!”

ಇವರು ಅಂಗಳದಲ್ಲೇ ಕೂತರು. ಗುತ್ತಿಗೆದಾರ ಹೇಳಿದ್ದನ್ನು ನಾನೇ ಚೌಡನಿಗೆ ತಿಳಿಸಿದೆ. ಅವನು ಇವರ ಪಕ್ಕದಲ್ಲಿ ಕೂತು ಎಲೆಯಡಿಕೆ ಮುಂದೆ ಇಟ್ಟ.

“ಇವತ್ತಿಂದು ಮನಸ್ಸಿಂದ ಬಿಟ್ಟೆ ಮಾರಾಯ. ಏಳು ವರ್ಷದ್ದು ಒಂದೇ ಸಲ ಬಿಡೂಕೆ ಆಗೂದಿಲ್ಲ. ನಿಧಾನಕ್ಕೆ ಬಿಡ್ತೆ.”

ನಾವು ತಿರುಗಿ ಬಂದಾಗ ಬಸಪ್ಪನವರು ಹೆಸರಿನ ಪುಸ್ತಕ ಮುಚ್ಚುತ್ತಿದ್ದರು. ಇವರು ನಡೆದದ್ದನ್ನೆಲ್ಲ ಹೇಳಿ, “ಅವ ಅಷ್ಟೇ ಬಿಟ್ಟದ್ದು. ಸಾಲ್ತದಾ?” ಎಂದು ಕೇಳಿದರು.

“ನಮ್ಮನ್ನೂ ಕರ್ತ ನಿಧಾನಕ್ಕಽ ತಿದ್ದಾಕತ್ತಾನ್ರಿ,” ಎಂದು ಬಸಪ್ಪನವರು ಪುಸ್ತಕ ತೆರೆದು ಹೆಸರು ಬರೆದರು.

ಭಾನುವಾರ ನಾವಿಬ್ಬರೂ ಒಟ್ಟಿಗೆ ಎದ್ದೆವು. ದ್ರಾಕ್ಷಾರಸದ ಪಾತ್ರೆಯನ್ನು ಅವರು ಎರಡೂ ಕೈಯಲ್ಲಿ ಹಿಡಿದರು. ಒಂದು ಹನಿಯೂ ಚೆಲ್ಲಲಿಲ್ಲ.

ಸೋಮವಾರ ಕುಣಿಗಿಳಿದರು. ಮಂಗಳವಾರ ಚೌಡ ತುಸು ಓರೆ ನಡೆಸಿದ್ದಕ್ಕೆ ಕೆಳಗಿನಿಂದಲೇ ಬೈದರಂತೆ. ಬೈದವರೇ ಗರಗಸ ನಿಲ್ಲಿಸಿ, ಮುಖ ಮೇಲೆತ್ತಿ, “ತಪ್ಪಾಯ್ತು ಚೌಡ,” ಎಂದರಂತೆ.

“ಆಯ್ತು, ಎಳಿ ಈಗ,” ಎಂದನಂತೆ ಚೌಡ.