ಗೋಡೆಯ ಮೂಲೆಯಲ್ಲಿ ಅಪ್ಪನ ಹೆಸರು

ಇದನ್ನು ಬರೆಯಲೋ ಬೇಡವೋ ಎಂದು ಬಹಳ ದಿನ ಹೊಯ್ದಾಡಿದೆ. ಬರೆದರೆ ನನ್ನ ಮಾನ ಹೋಗುತ್ತದೆ. ಹೋಗಲಿ ಬಿಡಿ, ಇನ್ನೊಬ್ಬರ ಹೆಸರು ನುಂಗಿ ಕೂತವನಿಗೆ ಯಾವ ಮಾನ?

ನಾನು ನವಲಗುಂದ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕೋಟ್ಯಂತರ ವರ್ಷಗಳ ಹಿಂದಿನ ಪ್ರಾಣಿಗಳ ಪಾಠಕ್ಕೆ ಚಿತ್ರ ಹುಡುಕುತ್ತಿದ್ದಾಗ ಮೊಬೈಲಿನಲ್ಲಿ ದೂರದ ದೇಶದ ಒಬ್ಬ ಹೆಣ್ಣುಮಗಳ ಪುಟ ಸಿಕ್ಕಿತು. ಕಲ್ಲಾದ ಎಲುಬುಗಳನ್ನು ನೋಡಿ, ಅವುಗಳ ಮೇಲೆ ಮಾಂಸ, ಚರ್ಮ, ಗರಿ ಹೇಗಿದ್ದವೆಂದು ಊಹಿಸಿ ಚಿತ್ರ ತೆಗೆಯುವುದು ಅವರ ಕಸುಬು. ಒಂದು ಪಾದದ ಬೆರಳು ಯಾವ ಕಡೆ ಮಡಚುತ್ತಿತ್ತು ಎಂದು ತಿಳಿಯಲು ವಾರಗಟ್ಟಲೆ ಓದುತ್ತಾರೆ, ತೆಗೆದದ್ದನ್ನು ಅಳಿಸುತ್ತಾರೆ, ಮತ್ತೆ ತೆಗೆಯುತ್ತಾರೆ. ಇದಕ್ಕೆ ಸಂಬಳ ಕೊಡುವ ಧಣಿ ಯಾರೂ ಇಲ್ಲ. ನೋಡಿ ಮೆಚ್ಚಿದವರು ತಿಂಗಳಿಗೊಮ್ಮೆ ಆನ್‌ಲೈನಿನಲ್ಲಿ ಅಷ್ಟಿಷ್ಟು ಹಾಕಿದರೆ ಅವರ ಬಣ್ಣ, ಬಾಡಿಗೆ ನಡೆಯುತ್ತದೆ. ನಾನೂ ಸೇರಿಕೊಂಡೆ. ನಾಲ್ಕು ಮಂದಿ ಗಿರ್ಮಿಟ್ ತಿಂದು ಚಹಾ ಕುಡಿದರೆ ಆಗುವಷ್ಟು, ಅದಕ್ಕಿಂತ ಹೆಚ್ಚೇನಲ್ಲ. ಚಿತ್ರಗಳನ್ನು ಶಾಲೆಯಲ್ಲಿ ಯಾರು ಬೇಕಾದರೂ ಬಳಸಬಹುದು, ನನ್ನ ಸಹಿ ಮಾತ್ರ ಅಳಿಸಬೇಡಿ ಎಂದು ಅವರು ಪುಟದ ಮೇಲೆಯೇ ಬರೆದಿದ್ದರು. ನಾನು ಅದನ್ನು ಓದಿದ್ದೆ. ಓದಿರಲಿಲ್ಲ ಎಂದು ಹೇಳುವ ಹಾಗೂ ಇಲ್ಲ.

ನಮ್ಮ ಕಡೆ ಏನು ಕೊಟ್ಟರೂ ಅದರ ಮೇಲೆ ಕೊಟ್ಟವರ ಹೆಸರು ಬೀಳಲೇಬೇಕು. ಮಠದ ಫ್ಯಾನಿನ ರೆಕ್ಕೆಯ ಮೇಲೆ ಹೆಸರು, ಅಡುಗೆಮನೆಯ ಪರಾತದ ಮೇಲೆ ಹೆಸರು, ನಮ್ಮ ಶಾಲೆಯ ಗಡಿಯಾರದ ಮೇಲೆ ಮುಳ್ಳು ಕಾಣದಷ್ಟು ದೊಡ್ಡ ಹೆಸರು. ನನ್ನ ಅಪ್ಪ ಇದೇ ಶಾಲೆಯಲ್ಲಿ ಜವಾನನಾಗಿ ಗಂಟೆ ಬಾರಿಸುತ್ತ ಮುದುಕನಾದ. ಊರಿನ ಗೌಡಕಿಯವರ ಹೆಸರೆಲ್ಲ ಆ ಗೋಡೆಗಳ ಮೇಲಿವೆ, ಅವನದು ಎಲ್ಲೂ ಇಲ್ಲ. ಅದು ನನ್ನ ಹೊಟ್ಟೆಯೊಳಗೆ ಉರಿಯುತ್ತಲೇ ಇತ್ತು.

ಹೋದ ವರ್ಷ ಆ ಹೆಣ್ಣುಮಗಳ ಒಂದು ಚಿತ್ರವನ್ನು ಶಾಲೆಯ ಮುಂದಿನ ಗೋಡೆಯ ಮೇಲೆ ಬರೆಸಿದೆ. ಉದ್ದ ಕುತ್ತಿಗೆಯ ತಾಯಿ ಡೈನೋಸಾರ್ ಮಣ್ಣಿನ ಗೂಡಿನೊಳಗಿನ ತತ್ತಿಗಳನ್ನು ಬಗ್ಗಿ ನೋಡುತ್ತಿರುವ ಚಿತ್ರ. ನವಲಗುಂದದ ಒಬ್ಬ ವಯಸ್ಸಾದ ಪೇಂಟರ್ ಕಾಕಾ ಅದನ್ನು ಗೆರೆ ಬಿಡದೆ ಇಳಿಸಿದರು. ಮೂಲೆಯ ಸುರುಳಿ ಸುರುಳಿ ಸಹಿಯನ್ನೂ ಹಾಗೆಯೇ ಇಳಿಸಿದ್ದರು.

“ಇದನ್ನ ಓದಾಕ ಬರಂಗಿಲ್ರಿ ಸರ್, ಆದ್ರ ಇದ್ದಾಂಗ ತಗದೇನಿ,” ಎಂದರು.

“ಅದನ್ನ ಅಳಿಸ್ರಿ ಕಾಕಾ. ಅಲ್ಲೆ ನಮ್ಮ ಅಪ್ಪನ ಹೆಸರ ಬರೀರಿ, ದೊಡ್ಡದಾಗಿ.”

“ಬಾಜೂಕ ಬರಿಯೂಣಲ್ರಿ?”

“ಬಾಜೂಕ ಕಿಡಕಿ ತಗದ್ರ ಅರ್ಧಾ ಹೆಸರ ಮುಚ್ಚತೈತಿ.”

ಕಾಕಾ ಬ್ರಷ್ ಕೈಯಲ್ಲಿ ಹಿಡಿದು ನಿಂತೇ ಇದ್ದರು. “ತಗದವರ ಹೆಸರ ಅಳಸೂದು ಅಗದಿ ಕೆಟ್ಟ ಅನಸ್ತೈತ್ರಿ.”

“ಅಕಿ ಏನ್ ಇಲ್ಲಿಗೆ ಬಂದು ನೋಡ್ತಾಳೇನ್ರಿ? ತಿಂಗಳಾ ರೊಕ್ಕಾ ಕೊಡಾಂವ ನಾನು.”

ಹೀಗೆ ಅಂದೆ. ಈ ಬಾಯಿಂದಲೇ ಅಂದೆ. ಕಾಕಾ ಬಿಳಿ ಬಣ್ಣ ಬಳಿದು, ಅದು ಒಣಗಿದ ಮೇಲೆ ‘ದಿ.’ ಎಂದು ಶುರು ಮಾಡಿ ಅಪ್ಪನ ಹೆಸರು ಬರೆದರು. ಕೆಳಗೆ ಸಣ್ಣದಾಗಿ, ಸ್ಮರಣಾರ್ಥ ಕೊಡುಗೆ ಎಂದು ನನ್ನ ಹೆಸರು. ಸಂಜೆ ಫೋಟೋ ನೋಡಿದ ನನ್ನ ಹೆಂಡತಿ, “ಅಲ್ರಿ, ಚಿತ್ರ ನೀವು ತಗದೀರೇನು? ಗಿರ್ಮಿಟ್ಟಿನ ರೊಕ್ಕದಾಗ ಗೋಡಿ ಒಡೆಯಾ ಆಗೀರಲ್ಲ!” ಎಂದು ನಕ್ಕಳು. ನಿನಗೇನು ತಿಳಿಯುತ್ತದೆ ಎಂದು ಅವಳ ಮೇಲೆಯೇ ಹರಿಹಾಯ್ದೆ.

ಸೊಕ್ಕು ಅಲ್ಲಿಗೂ ನಿಲ್ಲಲಿಲ್ಲ. ಫೋಟೋವನ್ನು ಆ ಹೆಣ್ಣುಮಗಳಿಗೂ ಕಳಿಸಿದೆ. ಮರುದಿನವೇ ಉತ್ತರ ಬಂತು. ಅವರ ಚಿತ್ರ ಇಷ್ಟು ದೊಡ್ಡದಾಗಿ ಯಾವ ಊರಿನಲ್ಲೂ ಎದ್ದಿರಲಿಲ್ಲವಂತೆ; ನೋಡಿ ಕಣ್ಣಲ್ಲಿ ನೀರು ಬಂತಂತೆ. ಕೊನೆಗೆ ಒಂದು ಪ್ರಶ್ನೆ: ಮೂಲೆಯಲ್ಲಿ ದೊಡ್ಡ ಅಕ್ಷರದಲ್ಲಿರುವುದು ನನ್ನ ಹೆಸರೇ ತಾನೆ, ನಿಮ್ಮ ಲಿಪಿಯಲ್ಲಿ?

ಅಲ್ಲ ಎಂದು ಬರೆಯಲು ಎಷ್ಟು ಹೊತ್ತು ಬೇಕು? ಸ್ಟಾಫ್ ರೂಮಿನಲ್ಲಿ ಕೂತಿದ್ದೆ. ಹೌದು ಎಂದು ಬರೆದುಬಿಟ್ಟೆ. ಮೊಬೈಲ್ ಜೇಬಿಗೆ ಹಾಕಿಕೊಂಡು ಒಂಬತ್ತನೆಯ ತರಗತಿಗೆ ಹೋಗಿ ಪಾಠ ಮಾಡಿದೆ, ಏನೂ ಆಗದವನ ಹಾಗೆ.

ಮುಂದಿನ ತಿಂಗಳು ಅವರ ಹೊಸ ಚಿತ್ರ ಬಂತು, ನೀರಿನಂಚಿನಲ್ಲಿ ನಿಂತ ಗರಿಯ ಪ್ರಾಣಿಯೊಂದು. ಜತೆಗೆ ಎಲ್ಲ ಬೆಂಬಲಿಗರಿಗೆ ಒಂದು ಮಾತು: ಭಾರತದ ಒಂದು ಹಳ್ಳಿಯ ಶಾಲೆಯವರು ನನ್ನ ಹೆಸರನ್ನು ತಮ್ಮ ಲಿಪಿಯಲ್ಲಿ ಬರೆದು ಗೌರವಿಸಿದ್ದಾರೆ, ಅವರಿಗಾಗಿ ಈ ಚಿತ್ರಕ್ಕೆ ಅದೇ ಲಿಪಿಯಲ್ಲಿ ಸಹಿ ಮಾಡಿದ್ದೇನೆ. ಮೂಲೆಯನ್ನು ದೊಡ್ಡದು ಮಾಡಿ ನೋಡಿದೆ. ಫೋಟೋ ನೋಡಿ ನೋಡಿ ಅಕ್ಷರ ಕಲಿತಿದ್ದರು. ಒತ್ತು, ಕೊಂಬು ಒಂದೂ ತಪ್ಪಿರಲಿಲ್ಲ. ನನ್ನ ಅಪ್ಪನ ಹೆಸರು. ಅದರ ಮೊದಲಿಗೆ ‘ದಿ.’ ಕೂಡ. ಬದುಕಿರುವ ಹೆಣ್ಣುಮಗಳು ತನ್ನ ಚಿತ್ರಕ್ಕೆ ತಾನೇ ಸತ್ತವನೊಬ್ಬನ ಹೆಸರು ಹಾಕಿಕೊಂಡು ಲೋಕಕ್ಕೆಲ್ಲ ಹಂಚಿದ್ದರು. ಅಯ್ಯೋ ಶಿವನೆ, ನೆಲ ಬಾಯಿ ಬಿಡಬಾರದೆ ಅನ್ನಿಸಿತು.

ಅವತ್ತೇ ನಿಜ ಬರೆದೆ, ಏನನ್ನೂ ಮುಚ್ಚಿಡದೆ. ಎರಡು ದಿನ ಸುದ್ದಿಯಿಲ್ಲ. ಮೂರನೆಯ ದಿನ ಒಂದೇ ಸಾಲು ಬಂತು: ಹಾಗಾದರೆ ಗೋಡೆಯ ಮೇಲೆ ನನ್ನ ಹೆಸರು ಎಲ್ಲಿದೆ?

ಇತ್ತು, ನಾನೇ ಅಳಿಸಿದೆ ಎಂದು ಬರೆದೆ.

ಕಾಕಾನನ್ನು ಮತ್ತೆ ಕರೆಸಿದೆ. “ಅಪ್ಪಾರ ಹೆಸರ ಪೂರಾ ತಗೀಲೇನ್ರಿ?” ಎಂದು ಮೆಲ್ಲಗೆ ಕೇಳಿದರು. ತೆಗೆಯಿರಿ ಎಂದು ಹೇಳಿ ಬೇರೆ ಕಡೆ ನೋಡುತ್ತ ನಿಂತೆ. ಬದುಕಿದ್ದಾಗ ಶಾಲೆಯ ಒಂದು ಸೀಮೆಸುಣ್ಣದ ಕಡ್ಡಿಯನ್ನೂ ಮನೆಗೆ ತರದ ಮನುಷ್ಯ ಅವನು. ಕದ್ದ ಜಾಗದಲ್ಲಿ ಅವನನ್ನು ಕೂರಿಸಿದವನು ನಾನು, ಈಗ ಎಲ್ಲರ ಎದುರಿಗೆ ಎಬ್ಬಿಸಿದವನೂ ನಾನೇ. ಕಾಕಾ ಆ ಸುರುಳಿ ಸಹಿಯನ್ನು ಮೊದಲಿನ ಹಾಗೆ ಇಳಿಸಿದರು, ಹಣ ಮಾತ್ರ ಮುಟ್ಟಲಿಲ್ಲ.

ಹೊಸ ಫೋಟೋ ಕಳಿಸಿದೆ. ಅವರು ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ. ಒಂದನೆಯ ತಾರೀಖಿಗೆ ಎಂದಿನಂತೆ ನನ್ನ ತಿಂಗಳ ಕಾಣಿಕೆ ಹಾಕಿದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೊಬೈಲ್ ನೋಡಿದರೆ, ಅವರು ಅದನ್ನು ನನಗೆ ವಾಪಸ್ ಕಳಿಸಿದ್ದರು.